ಬರೋಲೊ: ಒಗರು ಮಾಗುವ ಬಗೆ

ಇಟಲಿಯ ವಾಯವ್ಯ ಭಾಗದಲ್ಲಿರುವ ಪಿಯೆಮೊಂಟೆ ಪ್ರಾಂತ್ಯದ ಲಾಂಗೆ ಬೆಟ್ಟಗಳಲ್ಲಿ ತಯಾರಾಗುವ ಕೆಂಪು ವೈನ್ ಬರೋಲೊ. ಇದಕ್ಕೆ ಬಳಸುವುದು ನೆಬ್ಬಿಯೊಲೊ ಎಂಬ ಒಂದೇ ತಳಿಯ ದ್ರಾಕ್ಷಿ. ನೋಟಕ್ಕೆ ತಿಳಿಗೆಂಪಾದರೂ ರುಚಿಯಲ್ಲಿ ಒಗರು ಪ್ರಬಲ. ಎಳೆಯ ಅಡಿಕೆ ಅಗಿದಾಗ ಬಾಯಿ ಬಿಗಿಯುವಂತೆ ಮಾಡುವ ಟ್ಯಾನಿನ್ ಅಂಶ ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಇದರಲ್ಲಿ ಹೇರಳವಾಗಿ ಸೇರುತ್ತದೆ.

1980ರಲ್ಲಿ ಇಟಲಿಯ ಅತ್ಯುನ್ನತ ವೈನ್ ದರ್ಜೆಯಾದ ಡಿಒಸಿಜಿ ಪಡೆದ ಬರೋಲೊ, ನಿಯಮದ ಪ್ರಕಾರ ಕೊಯ್ಲಿನ ವರ್ಷದ ನವೆಂಬರ್ 1ರಿಂದ ಕನಿಷ್ಠ 38 ತಿಂಗಳು ಪಕ್ವಗೊಳ್ಳಬೇಕು; ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. 'ರಿಸೆರ್ವಾ' ಎನಿಸಿಕೊಳ್ಳಲು 62 ತಿಂಗಳು ಬೇಕು.

ಸೀಸೆಯಲ್ಲಿ ವರ್ಷಗಳು ಉರುಳಿದಂತೆ ಟ್ಯಾನಿನ್ ಕಣಗಳು ಪರಸ್ಪರ ಕೂಡಿಕೊಂಡು, ಒಂದು ಭಾಗ ತಳದಲ್ಲಿ ಗಷ್ಟಾಗಿ ನಿಲ್ಲುತ್ತದೆ. ಒಗರು ಮೃದುವಾಗುತ್ತದೆ, ಬಣ್ಣ ಇಟ್ಟಿಗೆಯತ್ತ ಹೊರಳುತ್ತದೆ, ಗುಲಾಬಿ, ಚೆರ್ರಿಗಳ ಪರಿಮಳದೊಡನೆ ಚರ್ಮ, ಒಣ ಎಲೆಗಳ ವಾಸನೆ ಬೆರೆಯುತ್ತದೆ. ಉತ್ತಮ ಫಸಲಿನ ಬರೋಲೊ 20ರಿಂದ 30 ವರ್ಷ ಬಾಳುವುದುಂಟು.

ಆದರೆ ಹಳೆಯದೆಲ್ಲ ಶ್ರೇಷ್ಠವೆಂಬ ನಂಬಿಕೆ ದುಬಾರಿಯಾದೀತು. ಟ್ಯಾನಿನ್ ಒಂದೇ ಆಯುಷ್ಯ ನೀಡದು. ಹುಳಿಯೂ ಹಣ್ಣಿನ ಸಾರವೂ ಹದವಾಗಿರಬೇಕು. ಇಲ್ಲವಾದಲ್ಲಿ ಒಗರು ಇಳಿಯುವ ಮುನ್ನವೇ ಹಣ್ಣಿನ ಸ್ವಾದ ಬತ್ತಿಹೋಗುತ್ತದೆ. ಒಂದೇ ವರ್ಷದ ಹಲವು ಸೀಸೆಗಳಿದ್ದಲ್ಲಿ, ಹತ್ತನೆಯ ವರ್ಷ ಒಂದನ್ನು ತೆರೆದು ನೋಡಿ ಉಳಿದವುಗಳ ಬಗ್ಗೆ ನಿರ್ಧರಿಸುವುದು ಲೇಸು.