ಮೋಸೆಸ್ ಫ್ಲೀಟ್‌ವುಡ್ ವಾಕರ್

ಮೋಸೆಸ್ ಫ್ಲೀಟ್‌ವುಡ್ ವಾಕರ್ (1856–1924) ಅಮೆರಿಕದ ಬೇಸ್‌ಬಾಲ್ ಕ್ಯಾಚರ್. ಕರಿಯನೆಂದು ಎಲ್ಲರಿಗೂ ಗೊತ್ತಿದ್ದೇ ಮೇಜರ್ ಲೀಗ್ ಆಡಿದ ಮೊದಲಿಗ. ಆ ಹೆಸರು ಸಾಮಾನ್ಯವಾಗಿ ಜಾಕಿ ರಾಬಿನ್‌ಸನ್‌ಗೆ ಸಲ್ಲುತ್ತದೆ. ಆದರೆ ರಾಬಿನ್‌ಸನ್ ಬಂದದ್ದು 1947ರಲ್ಲಿ, ವಾಕರ್ ಆಡಿದ್ದು 1884ರಲ್ಲಿ.

ಹುಟ್ಟೂರು ಒಹಾಯೋ ರಾಜ್ಯದ ಮೌಂಟ್ ಪ್ಲೆಸೆಂಟ್, ಬೆಳೆದದ್ದು ಸ್ಟೂಬೆನ್‌ವಿಲ್. ಓಬರ್ಲಿನ್ ಕಾಲೇಜು, ಮಿಷಿಗನ್ ವಿಶ್ವವಿದ್ಯಾಲಯಗಳ ತಂಡಗಳಲ್ಲಿ ಆಡಿ, 1883ರಲ್ಲಿ ಟೊಲೀಡೊ ತಂಡ ಸೇರಿದ. ಮರುವರ್ಷ ಆ ತಂಡ ಅಮೆರಿಕನ್ ಅಸೋಸಿಯೇಷನ್‌ಗೆ ಬಡ್ತಿ ಪಡೆದಾಗ ವಾಕರ್ ತಾನಾಗಿಯೇ ಮೇಜರ್ ಲೀಗ್ ಆಟಗಾರನಾದ.

ಕ್ಯಾಚರ್ ಎಂದರೆ ನಮ್ಮ ವಿಕೆಟ್ ಕೀಪರ್‌ನ ದಾಯಾದಿ ಎನ್ನಬಹುದು. ಆದರೆ ಕೀಪರ್‌ನ ಪ್ಯಾಡು, ದಪ್ಪ ಗ್ಲೌಸ್ ಎರಡನ್ನೂ ಕಳಚಿ ಕಲ್ಪಿಸಿಕೊಳ್ಳಬೇಕು. ವಾಕರ್ ಕೈಗೆ ತೆಳು ಚರ್ಮದ ಗ್ಲೌಸ್ ಇದ್ದರೆ ಇತ್ತು, ಇಲ್ಲದಿದ್ದರೆ ಬರಿಗೈ. ಬೆರಳು ಬಾತುಕೊಳ್ಳುವುದು ದಿನನಿತ್ಯದ ಮಾತು. 1884ರಲ್ಲಿ ಚೆಂಡಿನೇಟಿಗೆ ಪಕ್ಕೆಲುಬೂ ಮುರಿಯಿತು.

ಚೆಂಡಿಗಿಂತ ಕಷ್ಟವಾದದ್ದು ಅದನ್ನು ಎಸೆಯುವವನು. ಯಾವ ಬಗೆಯ ಚೆಂಡು ಬೇಕೆಂದು ಕ್ಯಾಚರ್ ಕೈಸನ್ನೆ ಮಾಡಬೇಕು, ಪಿಚರ್ ಪಾಲಿಸಬೇಕು. ಟೊಲೀಡೊದ ಪಿಚರ್ ಟೋನಿ ಮುಲ್ಲೇನ್‌ಗೆ ಕರಿಯನಿಂದ ಅಪ್ಪಣೆ ತೆಗೆದುಕೊಳ್ಳಲು ಮನಸ್ಸಿರಲಿಲ್ಲ. ವಾಕರ್ ಒಂದು ಕೇಳಿದರೆ ಈತ ಇನ್ನೊಂದು ಎಸೆಯುತ್ತಿದ್ದ. ಒಂದು ದಿನ ವಾಕರ್ ನೇರ ಅವನ ಬಳಿ ನಡೆದು, ಇನ್ನು ಸನ್ನೆ ಮಾಡುವುದಿಲ್ಲ, ನೀನು ಏನೆಸೆದರೂ ಹಿಡಿಯುತ್ತೇನೆ ಎಂದ. ಹಿಡಿದೂ ಹಿಡಿದ. ಇದನ್ನು ಹೇಳಿದವನು ಸ್ವತಃ ಮುಲ್ಲೇನ್, 1919ರಲ್ಲಿ. ತನ್ನ ಜೊತೆ ಆಡಿದವರಲ್ಲಿ ಅತ್ಯುತ್ತಮ ಕ್ಯಾಚರ್ ವಾಕರ್ ಎಂದೂ ಒಪ್ಪಿಕೊಂಡ. ಮೂವತ್ತೈದು ವರ್ಷ ತಡವಾಗಿ ಬಂದ ಪ್ರಶಸ್ತಿಪತ್ರವದು.

ಷಿಕಾಗೊ ತಂಡದ ನಾಯಕ ಕ್ಯಾಪ್ ಆನ್ಸನ್‌ನ ಮನಸ್ಸು ಮಾತ್ರ ಕೊನೆಯವರೆಗೂ ಬದಲಾಗಲಿಲ್ಲ. 1883ರ ಆಗಸ್ಟ್ 10ರಂದು ಟೊಲೀಡೊದಲ್ಲಿ, ವಾಕರ್ ಕಣದಲ್ಲಿದ್ದರೆ ತನ್ನ ತಂಡ ಆಡುವುದಿಲ್ಲ ಎಂದು ಹಟ ಹಿಡಿದ. ಕೈಗೆ ಗಾಯವಾಗಿದ್ದ ವಾಕರ್‌ಗೆ ಅಂದು ವಿಶ್ರಾಂತಿ ಕೊಡುವುದೆಂದೇ ಇತ್ತು. ಹಟ ಕಂಡ ಮ್ಯಾನೇಜರ್ ಚಾರ್ಲಿ ಮಾರ್ಟನ್ ಬೇಕೆಂದೇ ಅವನನ್ನು ರೈಟ್ ಫೀಲ್ಡ್‌ನಲ್ಲಿ ನಿಲ್ಲಿಸಿದ. ಆಡದಿದ್ದರೆ ಟಿಕೆಟ್ ಹಣದ ಪಾಲಿಲ್ಲ ಎಂದ. ಆನ್ಸನ್ ಆಡಿದ.

1884ರಲ್ಲಿ ವಾಕರ್ 42 ಪಂದ್ಯ ಆಡಿ .263 ಬ್ಯಾಟಿಂಗ್ ಸರಾಸರಿ ಗಳಿಸಿದ. ರಿಚ್ಮಂಡ್‌ಗೆ ವಾಕರ್‌ನನ್ನು ಕರೆತಂದರೆ ಗುಂಪುಕಟ್ಟಿ ಹಲ್ಲೆ ಮಾಡುತ್ತೇವೆಂಬ ಬೆದರಿಕೆ ಪತ್ರ ಮ್ಯಾನೇಜರ್‌ಗೆ ಬಂದದ್ದೂ ಅದೇ ವರ್ಷ. ಗಾಯದಿಂದಾಗಿ ತಂಡ ಅವನನ್ನು ಬಿಟ್ಟಿತು.

ಮುಂದಿನದೆಲ್ಲ ಕೆಳದರ್ಜೆಯ ಲೀಗ್‌ಗಳು. 1887ರಲ್ಲಿ ನ್ಯೂಆರ್ಕ್‌ನಲ್ಲಿ ಕರಿಯ ಪಿಚರ್ ಜಾರ್ಜ್ ಸ್ಟೋವಿಯ ಜೋಡಿಯಾಗಿ ಆಡುತ್ತಿದ್ದಾಗ, ಜುಲೈ 14ರಂದು ಆ ತಂಡವಿದ್ದ ಇಂಟರ್‌ನ್ಯಾಷನಲ್ ಲೀಗ್ ಕರಿಯರೊಂದಿಗೆ ಹೊಸ ಕರಾರು ಬೇಡವೆಂದು ಮತ ಹಾಕಿತು. ಇದ್ದವರನ್ನು ಕೂಡಲೇ ತೆಗೆಯಲಿಲ್ಲವಾದ್ದರಿಂದ ವಾಕರ್ ಮುಂದೆ ಸಿರಾಕ್ಯೂಸ್ ತಂಡ ಸೇರಿ 1889ರವರೆಗೆ ಆಡಿದ.

ಆಟ ಬಿಟ್ಟ ಮೇಲಿನ ಬದುಕೂ ಸಲೀಸಾಗಿರಲಿಲ್ಲ. 1891ರಲ್ಲಿ ಜಗಳವೊಂದರಲ್ಲಿ ಬಿಳಿಯನೊಬ್ಬನನ್ನು ಇರಿದು ಕೊಂದ ಆರೋಪ ಬಂತು. ಬಿಳಿಯರೇ ತುಂಬಿದ್ದ ಜ್ಯೂರಿ ಖುಲಾಸೆ ಮಾಡಿತು. ಮುಂದೆ ಕಾಡಿಜ್ ಊರಿನಲ್ಲಿ ನಾಟಕ, ಸಿನಿಮಾ ಮಂದಿರ ನಡೆಸಿದ, ಸಿನಿಮಾ ರೀಲಿನ ಸಲಕರಣೆಗಳಿಗೆ ಪೇಟೆಂಟ್ ಪಡೆದ. ಕರಿಯರು ಆಫ್ರಿಕಕ್ಕೆ ಮರಳುವುದೇ ಲೇಸು ಎಂದು ವಾದಿಸುವ ಪುಸ್ತಕವನ್ನು 1908ರಲ್ಲಿ ಪ್ರಕಟಿಸಿದ.

ವಾಕರ್ ತೀರಿಕೊಂಡದ್ದು 1924ರ ಮೇ 11ರಂದು, ಕ್ಲೀವ್‌ಲೆಂಡ್‌ನಲ್ಲಿ. ಸ್ಟೂಬೆನ್‌ವಿಲ್‌ನಲ್ಲಿರುವ ಅವನ ಸಮಾಧಿಗೆ ಹೆಸರಿನ ಕಲ್ಲು ನೆಟ್ಟದ್ದು 1991ರಲ್ಲಿ.