ಸೆನೆಡೆಸ್ಮಸ್ ರೂಪಭೇದ: ಉಷ್ಣಾಂಶ, ಪೋಷಕಾಂಶ ಮತ್ತು ಕೋಶಸಾಂದ್ರತೆ

ಸಿಹಿನೀರಿನ ಹಸಿರು ಶೈವಲ ಸೆನೆಡೆಸ್ಮಸ್ ಎಂದರೆ ನಾಲ್ಕು ಕೋಶಗಳ ಚಪ್ಪಟೆ ಸಾಲು, ತುದಿಗಳಲ್ಲಿ ಮುಳ್ಳು. ಪಠ್ಯಪುಸ್ತಕಗಳು ಕೊಡುವ ಚಿತ್ರ ಇದು. ಆದರೆ ತಾಯಿಕೋಶದ ಭಿತ್ತಿಯೊಳಗೆ ರೂಪುಗೊಂಡ ಮರಿಕೋಶಗಳು ಅಂಟಿಕೊಂಡೇ ಹೊರಬಂದರೆ ಮಾತ್ರ ಸಾಲು. ಬೇರ್ಪಟ್ಟು ಬಂದರೆ ಅದೇ ತಳಿ ಒಂಟಿಕೋಶಗಳಾಗಿ ಬದುಕುತ್ತದೆ. ಶುದ್ಧ ಕಲ್ಚರಿನಲ್ಲೂ ರೂಪ ಹೀಗೆ ಬದಲಾಗುವುದನ್ನು ಜಿನೀವಾದ ರಾಬರ್ಟ್ ಶೋದಾ 20ನೇ ಶತಮಾನದ ಆರಂಭದ ದಶಕಗಳಲ್ಲೇ ಗುರುತಿಸಿದ್ದರು. ವರ್ಗೀಕರಣಕಾರರು ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ರೂಪ ಯಾವಾಗ ಬದಲಾಗುತ್ತದೆ ಎಂಬ ಪ್ರಶ್ನೆಯ ಬೆನ್ನು ಹತ್ತಿದವರು ಕನೆಕ್ಟಿಕಟ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ಟ್ರೇನರ್. ಸಾಲು ಕಟ್ಟುವುದನ್ನು ತಂಪು ಪ್ರಚೋದಿಸುತ್ತದೆಂದು ಸೆನೆಡೆಸ್ಮಸ್ ಸಬ್‌ಸ್ಪೈಕೇಟಸ್‌ನಲ್ಲಿ 1993ರಲ್ಲಿ ತೋರಿಸಿದರು. ಅದಕ್ಕೂ ಮೊದಲು, 1989ರಲ್ಲಿ, ಸಹಸಂಶೋಧಕ ಈಗನ್ ಜೊತೆ ಸೇರಿ ಮಂಡಿಸಿದ ವಾದ ಇನ್ನೂ ಮುಖ್ಯವಾದುದು: ಒಂಟಿಕೋಶ ರೂಪವನ್ನು ವಿವರಿಸುವ ಸಮಾನ ಸೂತ್ರ ಕಡಿಮೆ ಕೋಶಸಾಂದ್ರತೆ.

ಈ ಎರಡನ್ನೂ ಒಟ್ಟಿಗೆ ಓದಬೇಕು ಎಂಬುದು ನನ್ನ ವಾದ. ಮುಚ್ಚಿದ ಕಲ್ಚರಿನಲ್ಲಿ ಆರಂಭಕ್ಕೆ ಕೋಶಗಳು ವಿರಳ, ಪೋಷಕ ಧಾರಾಳ. ದಿನ ಕಳೆದಂತೆ ಕೋಶಗಳು ದಟ್ಟೈಸಿ ಸಾರಜನಕ, ರಂಜಕ ಎರಡೂ ಇಳಿಯುತ್ತವೆ. ಉಷ್ಣಾಂಶ ಬದಲಾದರೆ ವಿಭಜನೆಯ ವೇಗ ಬದಲಾಗುತ್ತದೆ; ಹಾಗಾಗಿ 15 ಡಿಗ್ರಿಯ ಮತ್ತು 25 ಡಿಗ್ರಿಯ ಪಾತ್ರೆಗಳನ್ನು ಒಂದೇ ದಿನ ಸೂಕ್ಷ್ಮದರ್ಶಕದಡಿ ಹೋಲಿಸಿದರೆ ನಾವು ಉಷ್ಣಾಂಶದ ಜೊತೆಗೆ ಸಾಂದ್ರತೆಯನ್ನೂ ಉಳಿದ ರಂಜಕವನ್ನೂ ಹೋಲಿಸುತ್ತಿರುತ್ತೇವೆ. ಸಮಾನ ಸಾಂದ್ರತೆಯ ಹಂತದಲ್ಲಿ ಹೋಲಿಸದ ಪ್ರಯೋಗದಿಂದ "ತಂಪಿನ ಪರಿಣಾಮ" ಎಂದು ಬರೆಯುವುದು ಆತುರವೇ ಸರಿ.

ಪೋಷಕಾಂಶದ ನೇರ ಪ್ರಭಾವವೇ ಇಲ್ಲವೆಂದಲ್ಲ. ಎಳೆಎಳೆಯಾಗಿ ಕವಲೊಡೆಯುವ ಹಸಿರು ಶೈವಲ ಸ್ಟಿಜಿಯೋಕ್ಲೋನಿಯಂ ರಂಜಕದ ಕೊರತೆಯಲ್ಲಿ ಬಣ್ಣವಿಲ್ಲದ ಉದ್ದ ರೋಮಗಳನ್ನು ಬೆಳೆಸುತ್ತದೆ. ಡರ್ಹಮ್‌ನ ಬ್ರಯಾನ್ ವಿಟನ್ ಮತ್ತು ಸಹೋದ್ಯೋಗಿಗಳು ಈ ರೋಮಗಳನ್ನು ಫಾಸ್ಫಟೇಸ್ ಚಟುವಟಿಕೆಗೆ ಜೋಡಿಸಿದರು: ಸಾವಯವ ಸಂಯುಕ್ತಗಳಲ್ಲಿ ಸಿಲುಕಿದ ರಂಜಕವನ್ನು ಬಿಡಿಸಿಕೊಳ್ಳುವ ಕಿಣ್ವ ಅದು. ಇಲ್ಲಿ ರೂಪಕ್ಕೆ ಕೆಲಸವಿದೆ, ಕಾರಣವೂ ಸ್ಪಷ್ಟ. ಸೆನೆಡೆಸ್ಮಸ್ ಸಾಲಿಗೆ ಅಂಥ ಒಂದೇ ವಿವರಣೆ ಸಾಲದು. ಶೈವಲ ತಿನ್ನುವ ಸಣ್ಣ ಕಠಿಣಚರ್ಮಿ ಡಾಫ್ನಿಯಾ ಬದುಕಿದ ನೀರನ್ನು ಸೋಸಿ ಸೇರಿಸಿದರೂ ಕೋಶಗಳು ಗುಂಪು ಕಟ್ಟುತ್ತವೆಂದು ಹೆಸ್ಸೆನ್ ಮತ್ತು ವಾನ್ ಡೋಂಕ್ 1993ರಲ್ಲಿ ವರದಿ ಮಾಡಿದ್ದರು. ಕೆರೆಯಿಂದ ತಂದ ಮಾದರಿಯಲ್ಲಿ ಡಾಫ್ನಿಯಾದ ಈ ಸುಳಿವನ್ನು ಉಷ್ಣಾಂಶದಿಂದ ಬೇರ್ಪಡಿಸುವುದು ಸುಲಭವಲ್ಲ.

ರೂಪದ ಈ ಅಸ್ಥಿರತೆಯ ಬಿಸಿ ತಟ್ಟುವುದು ಹೆಸರಿಡುವವರಿಗೆ. ಸೆನೆಡೆಸ್ಮಸ್ ಅನ್ನು ಸೇರಿಸಲಾಗಿದ್ದ ಹಸಿರು ಶೈವಲಗಳ ಗಣ ಕ್ಲೋರೊಕೊಕೇಲ್ಸ್‌ನ ಭಾರತದ ಪ್ರಭೇದಗಳಿಗೆ ಎಂ. ಟಿ. ಫಿಲಿಪೋಸ್ ಅವರ 1967ರ ಗ್ರಂಥ ಇಂದಿಗೂ ಕೈಪಿಡಿ. ಮುಳ್ಳು, ಕೋಶಗಳ ಜೋಡಣೆ ಅಲ್ಲಿಯೂ ಗುರುತಿನ ಲಕ್ಷಣಗಳು. 1999ರಲ್ಲಿ ಡಿಎನ್‌ಎ ಅನುಕ್ರಮದ ಆಧಾರದ ಮೇಲೆ ಮುಳ್ಳುಳ್ಳ ಗುಂಪು ಡೆಸ್ಮೊಡೆಸ್ಮಸ್ ಎಂಬ ಪ್ರತ್ಯೇಕ ಕುಲವಾಯಿತು. ಟ್ರೇನರ್ ತಂಪಿನಲ್ಲಿ ಪರೀಕ್ಷಿಸಿದ ಸಬ್‌ಸ್ಪೈಕೇಟಸ್ ಕೂಡ ಈಗ ಅದರಲ್ಲೇ ಸೇರಿದೆ. ಕುಲದ ಗೊಂದಲ ಒಂದಿಷ್ಟು ಕಡಿಮೆಯಾದರೂ ಪ್ರಭೇದದ್ದು ಹಾಗೇ ಉಳಿದಿದೆ. ಫಾರ್ಮಲಿನ್‌ನಲ್ಲಿಟ್ಟ ಒಂಟಿಕೋಶ ಸಾಲು ಕಟ್ಟಬಲ್ಲದೇ ಎಂದು ಪರೀಕ್ಷಿಸುವ ದಾರಿಯಿಲ್ಲ. ಅದಕ್ಕೆ ಜೀವಂತ ತಳಿಯೇ ಬೇಕು.