ಶ್ರೀಮತಿಯ ಪಟ: ಸಮ್ಮೋಹನ, ನೆನಪು ಮತ್ತು ಸಾಕ್ಷ್ಯದ ಚರಿತ್ರೆ

ನವಿಮುಂಬಯಿಯ ಸಾನಪಾಡಾ, ವಾಶಿ, ನೆರೂಳ್ ಕಡೆ ನೆಲೆಸಿದ ತುಳುನಾಡಿನ ಮನೆತನಗಳಿಗೆ ಇಂದಿನ ತೊಂದರೆಗೆ ಹಿಂದಿನ ಕಾರಣ ಹುಡುಕುವುದು ಹೊಸತಲ್ಲ. ಊರಿಗೆ ಹೋಗಿ ಪ್ರಶ್ನೆ ಇಡಿಸುತ್ತಾರೆ; ಜೋಯಿಸರು ಕವಡೆ ಎಣಿಸಿ, ತಲೆಮಾರುಗಳಾಚೆಯ ತಪ್ಪೊಂದನ್ನು ಎತ್ತಿ ತೋರಿಸುತ್ತಾರೆ. 2009ರ ಡಿಸೆಂಬರಿನಲ್ಲಿ ಎನ್‌ಡಿಟಿವಿ ಇಮ್ಯಾಜಿನ್ ವಾಹಿನಿ ‘ರಾಝ್ ಪಿಛ್ಲೆ ಜನಮ್ ಕಾ’ ಆರಂಭಿಸಿದಾಗ ಆ ಹುಡುಕಾಟ ಟೀವಿಗೇ ಬಂತು. ಮುಂಬಯಿಯ ಮನಶ್ಶಾಸ್ತ್ರಜ್ಞೆ ತೃಪ್ತಿ ಜಯಿನ್ ಮಲಗಿದವರನ್ನು ಹಿಂದಿನ ಜನ್ಮಕ್ಕೆ ಕರೆದೊಯ್ಯುತ್ತಿದ್ದರು. ಇಲ್ಲಿ ಜೋಯಿಸರಿಲ್ಲ, ತೊಂದರೆಪಟ್ಟವನೇ ಮಾತಾಡುತ್ತಾನೆ. ಅವನ ಮಾತನ್ನು ಒರೆಗೆ ಹಚ್ಚುವವರು ಯಾರು?

ಪಂಪನ ‘ಆದಿಪುರಾಣ’ (941) ಈ ಪ್ರಶ್ನೆಯನ್ನು ಎದುರಿಸಿದೆ. ಆಗಸದಲ್ಲಿ ಸಾಗುವ ದೇವತೆಗಳನ್ನು ಕಂಡ ಶ್ರೀಮತಿ ಹಿಂದಿನ ಜನ್ಮದ ಇನಿಯ ಲಲಿತಾಂಗನನ್ನು ನೆನೆದು ಮೂರ್ಛೆ ಹೋಗುತ್ತಾಳೆ. ಜೈನರು ಇದನ್ನು ಜಾತಿಸ್ಮರಣೆ ಎನ್ನುತ್ತಾರೆ. ಮೂರ್ಛೆ ಹೋದಳೆಂದ ಮಾತ್ರಕ್ಕೆ ಕಥೆ ಅವಳ ನೆನಪನ್ನು ಒಪ್ಪಿಬಿಡುವುದಿಲ್ಲ. ಕಂಡದ್ದನ್ನು ಅವಳು ಪಟದಲ್ಲಿ ಬರೆಯುತ್ತಾಳೆ, ಪಂಡಿತೆ ಎಂಬ ದಾದಿ ಅದನ್ನು ಜಿನಾಲಯದಲ್ಲಿ ಹರಡುತ್ತಾಳೆ, ವಜ್ರಜಂಘ ನೋಡಿ ತಾನಾಗಿ ಗುರುತಿಸುತ್ತಾನೆ. ಒಬ್ಬಳ ನೆನಪಿಗೆ ಇನ್ನೊಬ್ಬನ ನೆನಪು ಸಾಕ್ಷಿ. ನೆನಪನ್ನು ಹೊರಗೆಳೆಯುವ ಚಿಕಿತ್ಸಕ ಈ ಕಥೆಯಲ್ಲಿ ಎಲ್ಲೂ ಇಲ್ಲ.

ಆ ಚಿಕಿತ್ಸಕನ ಚರಿತ್ರೆಯಲ್ಲಿ ನಮ್ಮ ನೆರೆಯವನೊಬ್ಬನಿದ್ದಾನೆ. ಗೋವೆಯ ಕಾಂಡೋಲಿಮ್‌ನಲ್ಲಿ 1756ರಲ್ಲಿ ಹುಟ್ಟಿದ ಪಾದ್ರಿ ಅಬ್ಬೆ ಫಾರಿಯಾ 1813ರಲ್ಲಿ ಪ್ಯಾರಿಸಿನಲ್ಲಿ ಸಮ್ಮೋಹನ ನಿದ್ರೆಯ ಪ್ರಯೋಗ ತೋರಿಸತೊಡಗಿದ. ಅವನಿಗೂ ಮೊದಲಿನ ವೈದ್ಯ ಮೆಸ್ಮರ್ ನಂಬಿದ್ದ ಕಾಂತದ್ರವವೆಂಬುದು ಇಲ್ಲ, ಆ ನಿದ್ರೆ ಹುಟ್ಟುವುದು ಮಲಗಿದವನ ಮನಸ್ಸಿನಿಂದಲೇ ಎಂಬುದು ಅವನ ವಾದ. ಮಾಂತ್ರಿಕನ ಕೋಲನ್ನು ಕಿತ್ತು ರೋಗಿಯ ಕೈಗಿತ್ತಂತೆ! ಹಾಗಾದರೆ ಸೂಚನೆ ಕೇಳಿ ನಿದ್ರಿಸುವ ಮನಸ್ಸು ಸೂಚನೆ ಕೇಳಿ ನೆನಪನ್ನೂ ಕಟ್ಟೀತು. ಫಾರಿಯಾ ಅಷ್ಟು ದೂರ ಹೋಗಲಿಲ್ಲ. ಇದು ನನ್ನ ತರ್ಕ.

1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ವೈದ್ಯ ಜೇಮ್ಸ್ ಎಸ್ಡೈಲ್ ಈ ನಿದ್ರೆಯನ್ನು ಶಸ್ತ್ರಚಿಕಿತ್ಸೆಯ ನೋವು ತಿಳಿಯದಿರಲೆಂದು ಬಳಸಿದ. ನೆನಪಿನ ಗೊಡವೆಗೆ ಹೋಗಲಿಲ್ಲ. ಹೋದವರು ಯುರೋಪಿನ ಜಾನೆ, ಬ್ರಾಯರ್, ಫ್ರಾಯ್ಡ್. ಹಿಸ್ಟೀರಿಯಾ ಕುರಿತ ಬ್ರಾಯರ್–ಫ್ರಾಯ್ಡ್ ಗ್ರಂಥ 1895ರಲ್ಲಿ ಬಂತು. ಫ್ರಾಯ್ಡ್ ಸಮ್ಮೋಹನವನ್ನು ಕೈಬಿಟ್ಟ.

ಕೈಬಿಟ್ಟದ್ದು ಮತ್ತೆ ಎದ್ದದ್ದು ಅಮೆರಿಕದಲ್ಲಿ. 1952ರಲ್ಲಿ ಕೊಲರಾಡೊದ ಮೋರೆ ಬರ್ನ್‌ಸ್ಟೈನ್ ಎಂಬ ವ್ಯಾಪಾರಿಯ ಸಮ್ಮೋಹನಕ್ಕೆ ಒಳಗಾದ ಗೃಹಿಣಿಯೊಬ್ಬಳು, ತಾನು 1798ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಬ್ರೈಡಿ ಮರ್ಫಿ ಎಂದಳು. ಇದನ್ನು ಕುರಿತ 1956ರ ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು. ಪತ್ರಕರ್ತರು ಹುಡುಕಿದಾಗ ಐರ್ಲೆಂಡಿನಲ್ಲಿ ಆ ಜನನದ ದಾಖಲೆ ಸಿಗಲಿಲ್ಲ. ಬಾಲ್ಯದಲ್ಲಿ ಅವಳ ಮನೆಯೆದುರು ಅದೇ ಹೆಸರಿನ ಐರಿಷ್ ಹೆಂಗಸೊಬ್ಬಳಿದ್ದಳೆಂಬ ವರದಿ ಬಂತು. ಹೆಂಗಸು ಸುಳ್ಳಾಡಿದಳೆನ್ನಲಾಗದು, ಎಲ್ಲಿಂದ ಬಂತೆಂಬುದು ಮರೆತಿದ್ದ ನೆನಪು ಜನ್ಮಾಂತರದ ವೇಷ ತೊಟ್ಟಿರಬಹುದು. ಸಮ್ಮೋಹನದಲ್ಲಿ ಮರಳಿದ ನೆನಪು ಸಾಮಾನ್ಯ ನೆನಪಿಗಿಂತ ಹೆಚ್ಚು ವಿಶ್ವಾಸಾರ್ಹವಲ್ಲ ಎಂದು ಅಮೆರಿಕದ ವೈದ್ಯಕೀಯ ಸಂಘದ ಮಂಡಳಿ 1985ರಲ್ಲಿ ವರದಿ ಮಾಡಿತು.

ಹೀಗೆ ಹೊರಗೆಳೆದ ಮಾತನ್ನು ನಂಬಬಹುದೇ ಎಂಬ ವ್ಯಾಜ್ಯಕ್ಕೆ ಭಾರತದಲ್ಲಿ ಹತ್ತಿರದ್ದು ಕರ್ನಾಟಕದಿಂದಲೇ ಹೊರಟಿತು, ಆದರೆ ಚಿಕಿತ್ಸಾಲಯದಿಂದಲ್ಲ. ಔಷಧಿ ಚುಚ್ಚಿ ಅರೆಎಚ್ಚರದಲ್ಲಿ ಬಾಯಿಬಿಡಿಸುವುದಕ್ಕೆ ಪತ್ರಿಕೆಗಳು ಮಂಪರು ಪರೀಕ್ಷೆ ಎಂದವು. ಛಾಪಾಕಾಗದ ಹಗರಣದ ಆರೋಪಿ ತೆಲಗಿಗೆ ಅದು ನಡೆದದ್ದು ಬೆಂಗಳೂರಿನಲ್ಲಿ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದ ಇಂಥ ಪರೀಕ್ಷೆ ಸಂವಿಧಾನದ 20(3) ಮತ್ತು 21ನೇ ವಿಧಿಗಳಿಗೆ ವಿರುದ್ಧವೆಂದಿತು. ಹಣ ತೆತ್ತು ತಾನೇ ಬಂದು ಮಲಗುವವನಿಗೆ ಆ ರಕ್ಷಣೆ ಒದಗುವುದಿಲ್ಲ.

ಬೆಂಗಳೂರಿನದೇ ನಿಮ್ಹಾನ್ಸ್‌ನ ಸತ್ವಂತ್ ಪಸ್ರಿಚಾ ಬೇರೆ ದಾರಿ ಹಿಡಿದರು. ಪುನರ್ಜನ್ಮದ ಸಂಶೋಧಕ ಇಯಾನ್ ಸ್ಟೀವನ್‌ಸನ್ ಜೊತೆ ದುಡಿದ ಅವರು ಅಧ್ಯಯನಕ್ಕೆ ಆರಿಸಿದ್ದು, ಯಾರೂ ಮಲಗಿಸದೆ ತಾವಾಗಿ ಹಿಂದಿನ ಜನ್ಮದ ಮಾತೆತ್ತಿದ ಮಕ್ಕಳನ್ನು. ಪುನರ್ಜನ್ಮದ ಬಗ್ಗೆ ಅವರ ನಿಲುವನ್ನು ನಾನು ಒಪ್ಪಬೇಕಾಗಿಲ್ಲ. ಮಗು ಹೇಳಿದ್ದನ್ನು ಬರೆದುಕೊಂಡು ಮಗುವಿನ ಮನೆಯಲ್ಲೂ ಸತ್ತವರ ಮನೆಯಲ್ಲೂ ವಿಚಾರಿಸುವ ಆ ಕ್ರಮ ಮಾತ್ರ ಪಂಡಿತೆ ಜಿನಾಲಯದಲ್ಲಿ ಪಟ ಹರಡಿ ಕಾದು ಕೂತದ್ದನ್ನು ನೆನಪಿಸುತ್ತದೆ.